ಕರೆಂಟು ಕೊಡಿಸಲು ಯಾವ ಊರು?

ಕ್ಯಾನ್ಸರ್ ಎಂದು ರಿಪೋರ್ಟ್ ಬಂದ ಮನೆಯಲ್ಲಿ ಮೊದಲ ವಾರವೆಲ್ಲ ಊರಿನದೇ ಚರ್ಚೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ದಾರಿಗಳು ಗೊತ್ತಿದ್ದದ್ದೇ: ಹುಬ್ಬಳ್ಳಿ, ಘಟ್ಟ ಇಳಿದರೆ ಮಣಿಪಾಲ, ಸಾಗರದ ಮೇಲೆ ಹೋದರೆ ಶಿವಮೊಗ್ಗ, ಇಲ್ಲವಾದರೆ ಬೆಂಗಳೂರು. ಉತ್ತರ ಕನ್ನಡ ಜಿಲ್ಲೆಯಲ್ಲೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಆಗಬೇಕೆಂದು 2022ರಲ್ಲಿ ಶಿರೂರು ಟೋಲ್‌ನಲ್ಲಿ ಜಿಲ್ಲೆಯಿಂದ ಹೊರಟ ಆಂಬುಲೆನ್ಸ್ ಅಪಘಾತವಾದ ಮೇಲೆ ಎಷ್ಟು ದೊಡ್ಡ ಕೂಗೆದ್ದಿತು! ಅದು ಆಗುವ ತನಕ ಕಾಯಿಲೆ ಕಾಯುವುದಿಲ್ಲ. ಎಲ್ಲರ ಸಲಹೆಯೂ ಮುಗಿದ ಮೇಲೆ, ಮಗ ಯಾವ ಊರಿನಲ್ಲಿದ್ದಾನೋ ಆ ಊರೇ ಗಟ್ಟಿಯಾಗುತ್ತದೆ.

ನಮ್ಮ ಆಯಿಗೆ, ಅಂದರೆ ತಾಯಿಗೆ, ಸ್ತನ ಕ್ಯಾನ್ಸರ್ ಎಂದಾಗಲೂ ಹಾಗೇ ಆಯಿತು. ಬೆಂಗಳೂರಿನಲ್ಲಿ ತಮ್ಮನಿದ್ದ, ಅವನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ತಂದೆತಾಯಿಯರ ಹೆಸರಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಒಳ್ಳೆಯದೇ ಆಯಿತು. ಆದರೆ ಪಾಲಿಸಿಯ ರೂಮ್ ರೆಂಟ್ ಮಿತಿ ದಾಟಿದ ಕೋಣೆ ಕೊಟ್ಟಿದ್ದರಿಂದ ಬಾಡಿಗೆಯಷ್ಟೇ ಅಲ್ಲ, ಬಿಲ್ಲಿನ ಬೇರೆ ಬಾಬ್ತುಗಳ ಮೇಲೂ ಅದೇ ಪ್ರಮಾಣದ (ಪ್ರಪೋರ್ಷನೇಟ್) ಕಡಿತ ಬಿತ್ತು. ಆ ವರ್ಷದ ಚಾಲಿ ಅಡಿಕೆಯ ದುಡ್ಡು ಅಲ್ಲಿಗೇ ಸರಿಹೋಯಿತು. ನಾಲ್ಕು ಕೀಮೋ ಮುಗಿಸಿದ ಮೇಲೆ ಡಾಕ್ಟರರು ಹೇಳಿದರು, ಇನ್ನು 25 ಸಿಟ್ಟಿಂಗ್ ರೇಡಿಯೇಷನ್. ಊರ ಭಾಷೆಯಲ್ಲಿ ಕರೆಂಟು ಕೊಡುವುದು.

ಬೆಂಗಳೂರಿನಲ್ಲೇ ಮುಗಿಸಿಬಿಡಿ ಎಂದವರೇ ಜಾಸ್ತಿ. ಆಯಿ ಕೇಳಿದ್ದು ಒಂದೇ: "ಐದು ವಾರ ಇಲ್ಲೇ ಕೂತ್ರೆ ಕೊಟ್ಗೆ ನೋಡ್ಕಂಬವ್ರು ಯಾರು?" ಆಗ ಕಾಗದ ಹಿಡಿದು ಕೂತೆ.

ಕರೆಂಟು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು, ಅಂದರೆ ಐದು ವಾರ. ಯಂತ್ರದ ಕೆಳಗೆ ಮಲಗುವುದು ಹತ್ತೋ ಹದಿನೈದೋ ನಿಮಿಷ, ಉಳಿದ ದಿನವೆಲ್ಲ ಖಾಲಿ. ತಮ್ಮನ ಮನೆ ನಗರದ ಇನ್ನೊಂದು ತುದಿಗೆ. ಆ ಟ್ರಾಫಿಕ್ಕಿನಲ್ಲಿ ಆಪರೇಷನ್ ಆದವಳನ್ನು ದಿನವೂ ಕರೆತರುವುದು ಆಗದ ಮಾತು. ಆಸ್ಪತ್ರೆ ಪಕ್ಕದ ಕೋಣೆಗೆ ದಿನಕ್ಕೆ 1,000ದಂತೆ 35 ದಿನಕ್ಕೆ 35,000. ಇಬ್ಬರ ಊಟತಿಂಡಿಗೆ ದಿನಕ್ಕೆ 500, ಒಟ್ಟು 17,500. ಆಟೋಕ್ಕೆ 5,000. ಮನೆಯಲ್ಲಿ ನನ್ನ ಬದಲು ನಿಲ್ಲುವ ಆಳಿನ ಪಗಾರ ದಿನಕ್ಕೆ 600, ಅದು 21,000. ಕೂಡಿದರೆ 78,500. ಆಸ್ಪತ್ರೆಯ ಬಿಲ್ಲು ಇನ್ನೂ ಶುರುವಾಗಿಲ್ಲ!

ಹುಬ್ಬಳ್ಳಿಯಾದರೆ? ಶಿರಸಿಯಿಂದ ಸುಮಾರು ನೂರು ಕಿ.ಮೀ. ಸೋಮವಾರ ಬೆಳಗಿನ ಬಸ್ಸಿಗೆ ಹೋಗಿ ಶುಕ್ರವಾರ ಸಂಜೆ ಮನೆ. ವಾರಕ್ಕೆ ನಾಲ್ಕು ರಾತ್ರಿ, ಒಟ್ಟು 20 ರಾತ್ರಿಗೆ 600ರಂತೆ 12,000. ಊಟ 25 ದಿನಕ್ಕೆ 400ರಂತೆ 10,000. ಆಟೋ 3,750. ಶಕ್ತಿ ಯೋಜನೆಯಿಂದ ಆಯಿಗೆ ಬಸ್ಸಿನ ಟಿಕೆಟ್ ದುಡ್ಡಿಲ್ಲ, ನನ್ನದು ಐದು ವಾರಕ್ಕೆ 1,500. ಆಳಿನ ಪಗಾರ 25 ದಿನಕ್ಕೆ 15,000. ಒಟ್ಟು 42,250. ಉಳಿದದ್ದು 36,250. ಹುಬ್ಬಳ್ಳಿಯೇ ಸರಿ ಎಂದಾಯಿತು. ಶನಿವಾರ, ಭಾನುವಾರ ಆಯಿ ತನ್ನ ಮನೆಯ ಗಂಜಿ ಉಂಡು ತನ್ನ ಹಾಸಿಗೆಯಲ್ಲಿ ಮಲಗಿದ್ದು ಈ ಲೆಕ್ಕದಲ್ಲಿ ಸೇರಿಲ್ಲ. ಎದೆಯ ಮೇಲೆ ಶಾಯಿಯಲ್ಲಿ ಬರೆದ ಗೆರೆ ಅಳಿಸಬಾರದೆಂದು ಬಚ್ಚಲಲ್ಲಿ ಒಂದು ಬದಿಗೆ ಮಾತ್ರ ನೀರು ಹಾಕಿಕೊಳ್ಳುತ್ತಿದ್ದಳು.

ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಥೆರಪಿ ಅಂಡ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ನಮ್ಮ ಕಡೆಯವರು ಹೋಗುವುದು ಇಂದು ನಿನ್ನೆಯದಲ್ಲ. ಆದರೂ ಹತ್ತಿರದ್ದೇ ಯಾವಾಗಲೂ ಸರಿ ಎಂದು ನಾನು ಹೇಳಲಾರೆ. ಮಕ್ಕಳ ರಕ್ತ ಕ್ಯಾನ್ಸರ್, ಅಪರೂಪದ ಗೆಡ್ಡೆ, ಅಸ್ಥಿಮಜ್ಜೆ ಕಸಿ ಇಂಥವಕ್ಕೆ ಕಿದ್ವಾಯಿ, ಟಾಟಾ ಮೆಮೋರಿಯಲ್, ವೆಲ್ಲೂರು ಎಂದು ದೂರ ಹೋಗುವುದೇ ಸರಿ. ಉಳಿದವರೂ ಮೊದಲ ಅಭಿಪ್ರಾಯವನ್ನು ದೊಡ್ಡ ಕೇಂದ್ರದಲ್ಲೇ ತೆಗೆದುಕೊಳ್ಳಲಿ. ಚಿಕಿತ್ಸೆಯ ಯೋಜನೆ ಕೈಗೆ ಬಂದ ಮೇಲೆ 21 ದಿನಕ್ಕೊಮ್ಮೆಯ ಕೀಮೋ, ದಿನದ ಕರೆಂಟು ಇವನ್ನು ಹತ್ತಿರದಲ್ಲಿ ಮಾಡಿಸಬಹುದೇ ಎಂದು ಅದೇ ಡಾಕ್ಟರರನ್ನು ಕೇಳಬೇಕು. ನಮ್ಮ ಡಾಕ್ಟರರು ಹೂಂ ಎಂದು ತಾವೇ ಪತ್ರ ಬರೆದುಕೊಟ್ಟರು. ಸ್ತನ ಕ್ಯಾನ್ಸರಿನ ಹಲವರಿಗೆ ಈಗ 15 ಸಿಟ್ಟಿಂಗಿನಲ್ಲೇ ಮುಗಿಸುತ್ತಾರೆ. ಹಾಗಾದರೆ ಮೇಲಿನ ಲೆಕ್ಕ ಮೂರು ವಾರಕ್ಕೆ ಇಳಿಯುತ್ತದೆ.

ಇನ್ನು ವಿಮೆಯ ಮಾತು: ಪಾಲಿಸಿಗೆ ಜೋಡಿಸಿ ಮಾರುವ ಕ್ರಿಟಿಕಲ್ ಇಲ್‌ನೆಸ್ ರೈಡರ್. ಸಾಲ ತೆಗೆಯಲು ಹೋದವರಿಂದ ಸಹಿ ಹಾಕಿಸಿ ಕಳಿಸುವ ಈ ಸರಕಿನ ಮೇಲೆ ನನಗೆ ನಂಬಿಕೆಯಿಲ್ಲ. ತೀರಾ ಆರಂಭದಲ್ಲೇ ಸಿಕ್ಕ, ಇನ್ನೂ ಸುತ್ತಲಿಗೆ ಹರಡದ ಕ್ಯಾನ್ಸರ್ ಸಾಮಾನ್ಯವಾಗಿ ಅದರ ವ್ಯಾಖ್ಯೆಯೊಳಗೇ ಬರುವುದಿಲ್ಲ. ಬೇಗ ತಪಾಸಣೆ ಮಾಡಿಸಿಕೊಂಡ ಹೆಂಗಸಿಗೆ ದುಡ್ಡಿಲ್ಲ! ಅದರ ಕಂತಿಗೆ ಕೊಡುವ ಹಣವನ್ನು ಮೆಡಿಕ್ಲೇಮಿನ ಮೊತ್ತ ಏರಿಸಲು ಕೊಡಿ.

ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ತೋಟದವರು ಬಹುತೇಕ ಎಪಿಎಲ್. ನಮಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಮಿತಿ ಒಂದೂವರೆ ಲಕ್ಷ. ಅಷ್ಟನ್ನೂ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಖಾಸಗಿ ಆಸ್ಪತ್ರೆಗೆ ಸೇರುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಬಿಲ್ಲು ಕಟ್ಟಿದ ಮೇಲೆ ವಾಪಸು ಕೊಡುವ ಪದ್ಧತಿ ಇಲ್ಲ.

ನಮ್ಮಲ್ಲಿ ಅಡಿಕೆ ಪಟ್ಟಿ, ಸೊಸೈಟಿ ಪಾಸ್‌ಬುಕ್ಕು ಇಪ್ಪತ್ತು ವರ್ಷದ್ದೂ ಕಪಾಟಿನಲ್ಲಿರುತ್ತದೆ. ಬಯಾಪ್ಸಿ ಸ್ಲೈಡು, ಬ್ಲಾಕು, ಸ್ಕ್ಯಾನಿನ ಸಿ.ಡಿ. ಮಾತ್ರ ಆಸ್ಪತ್ರೆಯಲ್ಲೇ ಉಳಿದಿರುತ್ತದೆ. ಊರು ಬದಲಿಸಿದಾಗ ಅದೇ ಪರೀಕ್ಷೆಗೆ ಮತ್ತೆ ದುಡ್ಡು. ಡಿಸ್ಚಾರ್ಜ್ ದಿನವೇ ಕೇಳಿ ತೆಗೆದುಕೊಳ್ಳುವ ರೂಢಿ ಬೆಳೆಯಬೇಕು.

ನಿಮ್ಮ ಮನೆಯಲ್ಲಿ ಇಂಥ ರಿಪೋರ್ಟ್ ಬಂದಿದ್ದರೆ, ಎಷ್ಟು ಕೀಮೋ, ಎಷ್ಟು ಸಿಟ್ಟಿಂಗು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಡಾಕ್ಟರರ ಕೈಯಲ್ಲಿ ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಶಿರಸಿಯ ಸರ್ಕಾರಿ ಪಂಡಿತ ಆಸ್ಪತ್ರೆಗೋ ನಿಮ್ಮ ತಾಲ್ಲೂಕು ಆಸ್ಪತ್ರೆಗೋ ಹೋಗಿ ರೆಫರಲ್ ಮಾಡಿಸಿ. ಅಡಿಕೆ ಮಾರುವುದು, ಡಿಪಾಸಿಟ್ ಮುರಿಯುವುದು ಆಮೇಲೆ.