ಪಂಚಮಿಗೆ ಹೇಳಿದ್ದರೆ 1,15,000

ನಾಲತವಾಡದ ಒಕ್ಕಲುತನದ ಮನೆಯ ಹುಡುಗನೊಬ್ಬ 2019ರಲ್ಲಿ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ಸೇರಿದ. ವರ್ಷದ ಫೀ 1,20,000 ರೂಪಾಯಿ. ತೊಗರಿಯ ರೊಕ್ಕ ಕೈಗೆ ಬರುವುದು ಸಂಕ್ರಾಂತಿಯ ಆಚೀಚೆ, ಕಾಲೇಜು ಕೇಳುವುದು ಮುಂಗಾರಿನಲ್ಲಿ. ಪೂರ್ತಿ ಫೀಯನ್ನು ಹಣಕಾಸು ಕಂಪನಿಯೊಂದು ‘ಬಡ್ಡಿಯಿಲ್ಲದ ಕಂತು’ ಎಂದು ಕಟ್ಟಿತು. ತಿಂಗಳಿಗೆ 10,000ದಂತೆ ಹನ್ನೆರಡು ಕಂತು. ಜೊತೆಗೆ ಸಹಿ ಹಾಕಿದ ಕಾಕಾನೇ ಈ ಅಂಕಣಕಾರ.

ದಸರೆಗೆ ಊರಿಗೆ ಬಂದ ಹುಡುಗ ಬಾಯಿಬಿಟ್ಟ: “ಕಾಕಾ, ಅಲ್ಲಿ ಪಾಠ ತಲಿಗೆ ಹತ್ತವಲ್ದು. ಮುದ್ದೇಬಿಹಾಳದಾಗ ಕಲೀತೀನಿ.”

ಕಾಲೇಜು ಬದಲಿಸಬೇಕೇ ಎಂಬ ಚರ್ಚೆ ಮನೆಯಲ್ಲಿ ರಾತ್ರಿಯಿಡೀ ನಡೆಯಿತು. ಯಾವಾಗ ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ರೊಕ್ಕ ಇದ್ದದ್ದು ಅಲ್ಲೇ.

ಕಾಲೇಜು ಬಿಟ್ಟವರಿಗೆ ಎಷ್ಟು ಫೀ ವಾಪಸ್ ಎಂಬುದನ್ನು ಯುಜಿಸಿಯ 2018ರ ಅಧಿಸೂಚನೆ ಪ್ರವೇಶದ ಕೊನೆಯ ದಿನವನ್ನು ಹಿಡಿದು ಲೆಕ್ಕ ಹಾಕುತ್ತದೆ. ಆ ಕಾಲೇಜಿನ ಕೊನೆಯ ದಿನ ಆಗಸ್ಟ್ 31. ಅದಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಫೀ ವಾಪಸ್. ಕಡಿತ ಹೆಚ್ಚೆಂದರೆ ಶೇ 5, ಅದೂ 5,000 ಮೀರುವಂತಿಲ್ಲ. ನಾಗರ ಪಂಚಮಿ ಆ ವರ್ಷ ಆಗಸ್ಟ್ 5ಕ್ಕೆ ಬಂದಿತ್ತು. ಹುಡುಗ ಊರಲ್ಲೇ ಇದ್ದ. ಆದರೆ ಕೃಷ್ಣೆಯ ಪ್ರವಾಹದ ದಿನಗಳವು. ಮನೆಯ ಮಾತೆಲ್ಲ ಹೊಳೆಯದೇ. ಅಂದೇ ಅರ್ಜಿ ಹೋಗಿದ್ದರೆ ಸಿಗುತ್ತಿದ್ದದ್ದು 1,15,000. ಆಗಸ್ಟ್ ಕೊನೆಯ ಎರಡು ವಾರಗಳಲ್ಲಿ ಶೇ 90, ಅಂದರೆ 1,08,000. ಗಣೇಶ ಚೌತಿ ಸೆಪ್ಟೆಂಬರ್ 2: ಶೇ 80, 96,000. ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 28: ಶೇ 50, 60,000. ಸೆಪ್ಟೆಂಬರ್ 30 ದಾಟಿತು, ವಿಜಯದಶಮಿ ಅಕ್ಟೋಬರ್ 8ಕ್ಕೆ ಬಂತು: ಸೊನ್ನೆ.

ಇನ್ನು ಆ ಕಂತು. ಹುಡುಗ ಕಾಲೇಜು ಬಿಟ್ಟರೂ ಕಂತು ಹುಡುಗನನ್ನು ಬಿಡಲಿಲ್ಲ, ಕಾಕಾನನ್ನೂ ಬಿಡಲಿಲ್ಲ. ಕರಾರು ಇದ್ದದ್ದು ಕಂಪನಿಯ ಜೊತೆ, ಕಾಲೇಜಿನ ಜೊತೆ ಅಲ್ಲ. ಬಡ್ಡಿಯಿಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಪ್ರೊಸೆಸಿಂಗ್ ಫೀ ಎಂದು ಮೊದಲೇ ಕಿತ್ತುಕೊಂಡು, ಬಡ್ಡಿ ಇಲ್ಲ ಎಂದು ಹಲ್ಲು ಕಿರಿಯುವ ಈ ವ್ಯವಹಾರ ಬೇಡವೇ ಬೇಡ. ಸಾಲ ಬೇಕೇ ಬೇಕೆಂದರೆ ಊರಿನ ಬ್ಯಾಂಕಿಗೆ ಹೋಗಿ ಶಿಕ್ಷಣ ಸಾಲ ಕೇಳಿ. ಅಲ್ಲಿ ಫೀ ವರ್ಷ ವರ್ಷ ಬಿಡುಗಡೆಯಾಗುತ್ತದೆ, ಮರುಪಾವತಿಗೆ ಓದು ಮುಗಿಯುವವರೆಗೆ ಬಿಡುವೂ ಇರುತ್ತದೆ.

ಫೀ ಮರಳುವ ಗಡುವು ಮೀರಿದ್ದರೆ ಎರಡು ಸೆಮಿಸ್ಟರ್ ಮುಗಿಸಿ, ಎನ್‌ಒಸಿ ಪಡೆದು, ಮೂರನೆಯದಕ್ಕೆ ಬದಲಾಗುವ ದಾರಿ ಕೇಳಿನೋಡಬಹುದು. ಆದರೆ ಬೆಂಗಳೂರಿನಿಂದ ಮುದ್ದೇಬಿಹಾಳಕ್ಕೆ, ಅಂದರೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದರೆ ವಿಶ್ವವಿದ್ಯಾಲಯವೇ ಬದಲು, ವಿಷಯಗಳು ಹೊಂದಬೇಕು. ಈ ಹುಡುಗ ಮರುವರ್ಷ ಮೊದಲ ಸೆಮಿಸ್ಟರಿನಿಂದಲೇ ಶುರು ಮಾಡಿದ.

ನಮ್ಮ ಕಡೆ ಅಪ್ಪಂದಿರು ಫೋನಿನಲ್ಲಿ ಕೇಳುವುದು ಎರಡೇ: ಊಟ ಆತೇನು, ರೊಕ್ಕ ಅದಾವೇನು. ಪಾಠ ತಿಳೀತದೇನು ಎಂದು ಮೊದಲ ತಿಂಗಳಲ್ಲೇ ಕೇಳುವ ರೂಢಿ ಬೀಳಬೇಕು.

ಗಡುವು ವರ್ಷಕ್ಕೊಂದು ಥರ. 2024-25ಕ್ಕೆ ಯುಜಿಸಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸ್, ಅಕ್ಟೋಬರ್ 31ರವರೆಗೆ ಹೆಚ್ಚೆಂದರೆ 1,000 ಕಡಿತ ಎಂದಿತ್ತು. ಸೇರುವ ದಿನವೇ ಆ ವರ್ಷದ ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಬಿಡುವುದಾದರೆ ಅರ್ಜಿ ಲಿಖಿತವಾಗಿರಲಿ, ಪ್ರತಿಯ ಮೇಲೆ ಆಫೀಸಿನ ಸೀಲು ಮತ್ತು ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.