ಯಶಸ್ವಿನಿ: ಕಾಯಿಲೆಗೆ ಮೊದಲೇ ಹೆಸರು ಬರೆಸಿ



ಕಾಲುಬಾಯಿ ಜ್ವರದ ಲಸಿಕೆಯನ್ನು ರೋಗ ಬಂದ ಮೇಲೆ ಹಾಕಿಸುವುದಿಲ್ಲ, ಮೊದಲೇ ಹಾಕಿಸುತ್ತೇವೆ. ಮನೆಮಂದಿಯ ಆರೋಗ್ಯಕ್ಕೂ ಇದೇ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಆಪರೇಷನ್ ಖರ್ಚಿಗೆಂದು ಹಾಲು ಕೊಡುವ ಹಸುವನ್ನೇ ಮಾರಿದ ಮನೆಗಳನ್ನು ಕಂಡಿದ್ದೇನೆ. ಹಸು ಹೋದರೆ ಬಟವಾಡೆಯೂ ಹೋಯಿತು.

2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತಿತ್ತು. 2023ರ ಜನವರಿಯಿಂದ ಚಿಕಿತ್ಸೆ ಮತ್ತೆ ದೊರೆಯತೊಡಗಿತು.

ಯಾರು ಸೇರಬಹುದು? ಹಾಲು ಉತ್ಪಾದಕರ ಸಂಘವೂ ಸೇರಿದಂತೆ ಸಹಕಾರ ಸಂಘಗಳ ಸದಸ್ಯರು ಮತ್ತು ಅವರ ಕುಟುಂಬದವರು. ಸರ್ಕಾರಿ ನೌಕರರಿಗೆ ಅವಕಾಶವಿಲ್ಲ.

ವಂತಿಗೆ ಎಷ್ಟು? ಮರುಜಾರಿಯಾದಾಗ ಗ್ರಾಮೀಣ ಕುಟುಂಬದ 4 ಜನರಿಗೆ ವರ್ಷಕ್ಕೆ 500 ರೂ., ಅದಕ್ಕೆ ಮೇಲ್ಪಟ್ಟು ತಲಾ 100 ರೂ. ಎಂದು ನಿಗದಿಯಾಯಿತು. ಅಂದರೆ 6 ಜನರ ಮನೆಗೆ 700 ರೂ.; ತಿಂಗಳಿಗೆ 60 ರೂಪಾಯಿಗೂ ಕಡಿಮೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ.

ಸೌಲಭ್ಯವೇನು? ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನಗದು ಕಟ್ಟದೆ ಚಿಕಿತ್ಸೆ.

ಗಮನಿಸಿ:

1. ಇದು ಉಳಿತಾಯ ಖಾತೆಯಲ್ಲ. ಕಾಯಿಲೆ ಬಾರದಿದ್ದರೆ ಹಣ ವಾಪಸಿಲ್ಲ. ನಿಮ್ಮ ಹಣ ಇನ್ನೊಬ್ಬ ಸದಸ್ಯರ ಕಷ್ಟಕ್ಕೆ ಆಗುತ್ತದೆ.

2. ಪ್ರತಿ ವರ್ಷವೂ ನವೀಕರಿಸಬೇಕು.

3. ಹೆಸರು ಬರೆಸದವರಿಗೆ ಸೌಲಭ್ಯವಿಲ್ಲ. ನೂರು ರೂಪಾಯಿ ಉಳಿಸಲು ಮನೆಯ ಹಿರಿಯರ ಹೆಸರು ಬಿಡಬೇಡಿ.

ಈ ಸಾಲಿನ ದರ, ಕೊನೆಯ ದಿನಾಂಕ, ಬೇಕಾದ ದಾಖಲೆಗಳನ್ನು ಮುಂದಿನ ಬಟವಾಡೆಯ ದಿನವೇ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ, ಹಣ ಕಟ್ಟಿ, ರಸೀದಿ ಪಡೆಯಿರಿ.