ಕಪ್ಪು ಕಲ್ಲು ಹೇಳುವುದೇನು, ಹೇಳದಿರುವುದೇನು?

ತಲಘಟ್ಟಪುರದ ಪಕ್ಕದ ತುರಹಳ್ಳಿ ಬಂಡೆಯನ್ನು ನಮ್ಮಲ್ಲಿ ಬಹಳ ಜನ ಹತ್ತಿರ್ತೀರಿ. ಭೂಮಿಯ ಆಳದ ಶಾಖ, ಒತ್ತಡದಲ್ಲಿ ರೂಪುಗೊಂಡ ಆ ನೈಸ್ ಶಿಲೆಯಲ್ಲಿ ಜೀವಿಗಳ ಕುರುಹು ಹುಡುಕಿದ್ರೆ ಸಿಗಲ್ಲ. ಚಿತ್ರದುರ್ಗ ಜಿಲ್ಲೆಯ ಕಥೆ ಬೇರೆ.

ಅಲ್ಲಿನ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಜೋಡಿಸಿಟ್ಟಂತೆ ಕಾಣುವ ಲಾವಾ ಇದೆ. ನೀರಿನಡಿ ಉಕ್ಕಿದ ಲಾವಾದ ಮೇಲ್ಮೈ ತಟ್ಟನೆ ತಣಿದರೆ ಮಾತ್ರ ಈ ಆಕಾರ ಬರುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು! ಅದೇ ಶಿಲಾಪಟ್ಟಿಯಲ್ಲಿ ಕಪ್ಪು ಶೇಲ್ ಪದರಗಳೂ ಇವೆ. ಆ ಕಪ್ಪು ಬಣ್ಣ ಮುಖ್ಯವಾಗಿ ಇಂಗಾಲದ್ದು.

ಇಂಗಾಲ ಅಲ್ಲಿ ಹೇಗೆ ಉಳಿಯಿತು? ಇಂದಿನ ಕಡಲಲ್ಲಿ ಮೇಲ್ಪದರದ ಜೀವಿಗಳು ತಯಾರಿಸುವ ಸಾವಯವ ವಸ್ತುವಿನಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ತಳದ ಕೆಸರಿನಲ್ಲಿ ಹೂತು ಉಳಿಯುತ್ತದೆ. ಮಿಕ್ಕಿದ್ದನ್ನು ಬೇರೆ ಜೀವಿಗಳು ತಿಂದು ಮುಗಿಸುತ್ತವೆ. ಆಮ್ಲಜನಕ ಕಡಿಮೆಯಿದ್ದು, ಜೇಡಿ ಬೇಗ ಮುಚ್ಚಿದರೆ ಹೆಚ್ಚು ಉಳಿಯುತ್ತದೆ. ಆಗಿನ ಕಡಲಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಶಾಖ ಏರಿದಂತೆ ಹೈಡ್ರೋಜನ್, ಆಮ್ಲಜನಕ ಕಳೆದುಕೊಂಡು ಆ ವಸ್ತು ಕೆರೋಜೆನ್ ಆಗಿ, ಇನ್ನೂ ಬೆಂದರೆ ಗ್ರಾಫೈಟ್ ಆಗುತ್ತದೆ.

ಹಾಗಾದ್ರೆ ಕಪ್ಪಗಿರೋದೆಲ್ಲ ಜೀವದ ಗುರುತಾ? ಅವಸರ ಬೇಡ. ದ್ಯುತಿಸಂಶ್ಲೇಷಣೆ ಹಗುರವಾದ ಇಂಗಾಲ-12ನ್ನು ಹೆಚ್ಚು ಹೀರುತ್ತದೆ. ಹಾಗಾಗಿ ಇಂಗಾಲ-13ರ ಪ್ರಮಾಣ ತಗ್ಗಿದ್ದರೆ ಅದೊಂದು ಸುಳಿವು. ಆದರೆ ಜೀವಿಗಳಿಲ್ಲದ ರಾಸಾಯನಿಕ ಕ್ರಿಯೆಗಳೂ ಕೆಲವೊಮ್ಮೆ ಅಂಥದ್ದೇ ಅಂಕಿ ಕೊಡುತ್ತವೆ.

ಇನ್ನೊಂದು ಅಪಾಯ ನಮ್ಮದೇ ಕೈಯಿಂದ. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ 270 ಕೋಟಿ ವರ್ಷ ಹಳೆಯ ಶೇಲ್‌ನಲ್ಲಿ ಸಂಕೀರ್ಣ ಜೀವಕೋಶಗಳ ಕೊಬ್ಬಿನ ಅಣುಗಳು ಸಿಕ್ಕವೆಂದು 1999ರಲ್ಲಿ ವರದಿಯಾಯಿತು. ಜೀವವಿಕಾಸದ ಕಾಲಗಣನೆಯೇ ಬದಲಾಗುವಂಥ ಸುದ್ದಿ ಅದು. ಮತ್ತೆ ಅತ್ಯಂತ ಶುಚಿಯಾಗಿ ಕೊರೆದು ತೆಗೆದ ಮಾದರಿಗಳಲ್ಲಿ ಆ ಅಣುಗಳೇ ಇರಲಿಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಹಿಂದೆ ಕಂಡದ್ದು ಹೊರಗಿನಿಂದ ಅಂಟಿದ ಹೈಡ್ರೋಕಾರ್ಬನ್.

ಹೀಗಾಗಿ ಇದು ಬರೀ ಭೂವಿಜ್ಞಾನಿಗಳ ತಲೆನೋವಲ್ಲ. ಕೊರೆಯುವ ಯಂತ್ರದ ಎಣ್ಣೆ, ಗರಗಸದ ಬ್ಲೇಡು, ಮಾದರಿ ತುಂಬುವ ಪ್ಲಾಸ್ಟಿಕ್ ಚೀಲ, ಎಲ್ಲವೂ ಉತ್ತರವನ್ನು ಕೆಡಿಸಬಲ್ಲವು. ಅವನ್ನು ಸರಿಪಡಿಸೋದು ಎಂಜಿನಿಯರ್ ಕೆಲಸ ತಾನೆ?

ಚಿತ್ರದುರ್ಗಕ್ಕೆ ಹೋದಾಗ ಒಂದು ನೆನಪಿರಲಿ: ಕೋಟೆಯ ಬಂಡೆ ಗ್ರಾನೈಟು, ಕಡಲಿನ ಕೆಸರಲ್ಲ. ಮರಡಿಹಳ್ಳಿಯ ದಿಂಬುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಣ್ತುಂಬ ನೋಡಿ, ಸುತ್ತಿಗೆ ಮಾತ್ರ ಬ್ಯಾಗಿನಲ್ಲೇ ಇರಲಿ.